ಹೊಲಿಗೆಯ ಖಾನೆಯಲ್ಲಿದ್ದ ಕಾರ್ಡು

ಮುಮ್ತಾಜಳ ಕಾರ್ಡನ್ನು ಹೊಲಿಗೆಯವರ ಖಾನೆಗೆ ಹಾಕಿದವಳು ನಾನೇ. ಅವಳು ಕಲಿತದ್ದು ಎಲೆಕ್ಟ್ರಿಷಿಯನ್ ಕೆಲಸ ಎಂದು ನನಗೆ ಗೊತ್ತಿತ್ತು, ಐಟಿಐ ಪ್ರಮಾಣಪತ್ರ ಮೇಜಿನ ಮೇಲೇ ಇತ್ತು, ಆದರೂ ಹಾಕಿದೆ. ಆರು ವರ್ಷದ ಮೇಲೆ ಅದು ಬಯಲಿಗೆ ಬಂದಾಗ "ಯಾರೋ ತಪ್ಪಿ ಇಟ್ಟಾರ" ಎಂದುಬಿಟ್ಟೆ. ಆ ಯಾರೋ ನಾನೇ — ಇಷ್ಟು ಚಿಕ್ಕ ಮಾತು ಹೇಳಲು ನನಗೆ ಮತ್ತೆ ಹನ್ನೊಂದು ವರ್ಷ ಹಿಡಿಯಿತು. ಆ ಹನ್ನೊಂದು ವರ್ಷವೂ ಆಕೆ ಕಂಡಲ್ಲೆಲ್ಲ ನನಗೆ ಕೈ ಮುಗಿದಿದ್ದಾಳೆ. ನಾನೂ ಕೈ ಮುಗಿಸಿಕೊಂಡಿದ್ದೇನೆ.

ನಾನು ಯಾರು ಎಂದು ಮೊದಲು ಹೇಳಿಬಿಡುತ್ತೇನೆ. ಹೆಸರು ಗಿರಿಜಾ. ಜನರಿಗೆ ಉದ್ಯೋಗ ದೊರಕಿಸಿಕೊಡುವ ಸರ್ಕಾರಿ ಕೆಲಸದಲ್ಲಿ ಕೂದಲು ಬೆಳ್ಳಗಾದವಳು. ಈಗ ಹಿರಿಯ ತಜ್ಞೆ ಎನ್ನುತ್ತಾರೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವರಲ್ಲಿ ಯಾರು ಯಾವ ಕೆಲಸಕ್ಕೆ ತಕ್ಕವರು ಎಂದು ತೂಗಿ ನೋಡುವುದು, ಕೆಲಸ ಕೊಡುವವರು ಕೇಳಿದಾಗ ಹೆಸರಿನ ಪಟ್ಟಿ ಕಳಿಸುವುದು, ಹೊಸ ಸಿಬ್ಬಂದಿಗೆ ಇದನ್ನೆಲ್ಲ ಕಲಿಸುವುದು — ಇದು ನನ್ನ ಕಸುಬು. ಬಾಯಿ ಸ್ವಲ್ಪ ಜೋರು. ಕಡ್ಡಿ ಮುರಿದ ಹಾಗೆ ಮಾತಾಡುವವಳು ಎಂದು ಹೆಸರಿದೆ, ಆ ಹೆಸರಿನ ಬಗ್ಗೆ ನನಗೆ ಜಂಬವೂ ಇತ್ತು. ಆದರೆ ಎಲ್ಲಿ ಕಡ್ಡಿ ಮುರಿಯಬೇಕಿತ್ತೋ ಅಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತೆ ನೋಡಿ.

ಆಗ ಎಲ್ಲವೂ ಕಾರ್ಡಿನಲ್ಲಿತ್ತು. ಹೆಸರು ನೋಂದಾಯಿಸಿದ ಪ್ರತಿಯೊಬ್ಬರಿಗೂ ಒಂದು ದಪ್ಪ ಕಾರ್ಡು. ಅದರ ಬಲ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಂಖ್ಯೆ. ಫಿಟ್ಟರಿಗೆ ಒಂದು, ಡ್ರೈವರಿಗೆ ಒಂದು, ಎಲೆಕ್ಟ್ರಿಷಿಯನ್ನಿಗೆ ಒಂದು, ಹೊಲಿಗೆಯವರಿಗೆ ಇನ್ನೊಂದು. ಆ ಸಂಖ್ಯೆ ನೋಡಿ ಕಾರ್ಡನ್ನು ಆಯಾ ಕಸುಬಿನ ಖಾನೆಯಲ್ಲಿ ಜೋಡಿಸುವುದು. ಯಾವುದೋ ಇಲಾಖೆಯವರು ಎಲೆಕ್ಟ್ರಿಷಿಯನ್ ಬೇಕೆಂದರೆ ನಾವು ಎಳೆಯುವುದು ಆ ಒಂದು ಖಾನೆಯನ್ನು ಮಾತ್ರ. ಅದರಲ್ಲಿ ಕಾರ್ಡು ಇದ್ದವರು ಪಟ್ಟಿಯಲ್ಲಿ, ಇಲ್ಲದವರು ನಮ್ಮ ಪಾಲಿಗೆ ಹುಟ್ಟೇ ಇಲ್ಲ. ಆ ಸಂಖ್ಯೆಯ ಅರ್ಥ ಹೊರಗಿನವರಿಗೆ ಗೊತ್ತಿರಲಿಲ್ಲ. ಅದನ್ನು ಬರೆಯುವವಳು ನಾನು. ಒಬ್ಬರ ಬದುಕು ಯಾವ ಖಾನೆಗೆ ಹೋಗಬೇಕು ಎಂಬುದು ನನ್ನ ಕೆಂಪು ಪೆನ್ನಿನ ತುದಿಯಲ್ಲಿತ್ತು, ನಾನು ಅದನ್ನು ದಿನಕ್ಕೆ ನಲವತ್ತು ಸಲ ಬರೆಯುತ್ತಿದ್ದೆ.

ಮುಮ್ತಾಜ್ ತಳಕಲ್ಲಿನವಳು. ತಂದೆ ಹುಸೇನಸಾಬರು ಹತ್ತಿ ಹಿಂಜಿ ಗಾದಿ ಹೊಲಿಯುವವರು. ಮದುವೆಯಾಗಿ ಮೂರು ವರ್ಷಕ್ಕೆ ಗಂಡನ ಮನೆ ಬಿಟ್ಟು ತವರಿಗೆ ಬಂದ ಮಗಳು ಮೂಲೆ ಹಿಡಿದು ಕೂರದೆ, ತನಗಿಂತ ಹತ್ತು ವರ್ಷ ಚಿಕ್ಕವರಾದ ಹುಡುಗರ ನಡುವೆ ಬೆಂಚಿನಲ್ಲಿ ಕೂತು ಎರಡು ವರ್ಷ ಐಟಿಐ ಮಾಡಿದಳು. ನೋಂದಣಿಗೆ ಬಂದಾಗ ಅವಳ ವಯಸ್ಸು ಮೂವತ್ತೊಂದು ದಾಟಿತ್ತು. ಜೊತೆಗೆ ಅಪ್ಪ ಬಂದಿದ್ದರು. ಬಿಳಿ ಅಂಗಿಯ ಹೆಗಲ ಮೇಲೆ ಹತ್ತಿಯ ಎಳೆ ಅಂಟಿಕೊಂಡಿತ್ತು.

"ಭಾಳ ಹಟಮಾರಿ ಅದಾಳ್ರಿ ಮೇಡಮ್ಮಾರ. ಕರೆಂಟಿನ ಕೆಲಸಾನ ಬೇಕಂತಾಳ," ಎಂದರು ಹುಸೇನಸಾಬರು. ದೂರಿನ ಧಾಟಿಯಲ್ಲಿ ಹೇಳಿದರೂ ಮುಖದ ತುಂಬ ಹೆಮ್ಮೆ. "ನಮಗ ಇದೆಲ್ಲಾ ತಿಳಿಯಂಗಿಲ್ರಿ. ನೀವು ಬರದದ್ದ ಖರೇ."

ನೀವು ಬರೆದದ್ದೇ ಖರೆ — ಎಂಥ ಮಾತು! ಅವರು ಹಾಗೆ ನಂಬಿ ಕೂತಿದ್ದಾಗ ನಾನು ಅವಳ ಕಾಗದಗಳನ್ನು ತಿರುವಿದೆ. ಐಟಿಐ ಪ್ರಮಾಣಪತ್ರದ ಕೆಳಗೆ ಇನ್ನೊಂದಿತ್ತು. ಯಾವುದೋ ಮಹಿಳಾ ಮಂಡಳಿಯಲ್ಲಿ ಮೂರು ತಿಂಗಳು ಹೊಲಿಗೆ ಕಲಿತದ್ದು. ಅದನ್ನು ಕಂಡದ್ದೇ ನನಗೆ ಸಮಾಧಾನವಾಯಿತು. ಹೆಣ್ಣುಮಗಳು ಕಂಬ ಹತ್ತುತ್ತಾಳೆಯೇ? ಬುರ್ಖಾ ಹಾಕಿಕೊಂಡು ಬಂದವಳನ್ನು ಯಾರು ಮೋಟಾರು ಬಿಚ್ಚಲು ಕರೆಯುತ್ತಾರೆ? ಹೊಲಿಗೆಯಾದರೆ ಯಾವುದಾದರೂ ತರಬೇತಿ ಕೇಂದ್ರದಲ್ಲಿ ನೆರಳಲ್ಲಿ ಕೂತು... ಹೀಗೆಲ್ಲ ಯೋಚಿಸಿದೆ. ಪೂರ್ತಿ ಯೋಚಿಸಲೂ ಇಲ್ಲ ಅನ್ನಿ, ಅಭ್ಯಾಸಬಲದಿಂದ ಕೈ ತಾನೇ ಓಡಿತು. ಎರಡು ಕಸುಬು ಬಂದರೆ ಎರಡು ಕಾರ್ಡು ಮಾಡಿ ಎರಡು ಖಾನೆಯಲ್ಲಿಡಬಹುದಿತ್ತು, ನಿಯಮವೇ ಇತ್ತು. ಇನ್ನೊಂದು ಕಾರ್ಡು ಬರೆಯಬೇಕಲ್ಲ ಎಂದು ಬೇಸರವಾಯಿತು. ಹೊಲಿಗೆಯ ಸಂಖ್ಯೆ ಬರೆದೆ.

ಮುಮ್ತಾಜ್ ಬಗ್ಗಿ ನೋಡಿದಳು. "ಈ ಕೆಂಪು ನಂಬರ ಏನ್ರಿ ಮೇಡಮ್ಮಾರ?" ಎಂದು ಕೇಳಿದಳು.

"ಅದು ಆಫೀಸಿಂದವ್ವಾ. ನಿನಗ ಅದರ ಸಂಬಂಧ ಇಲ್ಲ," ಎಂದೆ.

ಇಡೀ ಕಾರ್ಡಿನಲ್ಲಿ ಅವಳಿಗೆ ಸಂಬಂಧಪಟ್ಟದ್ದು ಅದೊಂದೇ ಆಗಿತ್ತು. ಅವಳು ಕೇಳಿದ್ದಳು ನೋಡಿ — ಅದು ನನ್ನನ್ನು ಈಗಲೂ ಚುಚ್ಚುತ್ತದೆ. ಕೇಳದವರಿಗೆ ಹೇಳಲಿಲ್ಲ ಎಂಬ ನೆವವೂ ನನಗಿಲ್ಲ.

ಮೂರು ವರ್ಷಕ್ಕೊಮ್ಮೆ ಬಂದು ನೋಂದಣಿ ನವೀಕರಿಸಬೇಕು, ತಪ್ಪಿದರೆ ಜ್ಯೇಷ್ಠತೆ ಹೋಗುತ್ತದೆ. ಎಷ್ಟೋ ಜನ ಮರೆಯುತ್ತಿದ್ದರು. ಮುಮ್ತಾಜ್ ಮೊದಲ ನವೀಕರಣಕ್ಕೆ ಹೇಳಿದ ತಿಂಗಳಲ್ಲೇ ಬಂದಳು. ನಾನು ಕಾರ್ಡು ತೆಗೆಸದೆ, ತಲೆಯೂ ಎತ್ತದೆ, ಅವಳ ಕೈಯಲ್ಲಿದ್ದ ಚೀಟಿಗೆ ಠಸ್ಸೆ ಒತ್ತಿ ಕಳಿಸಿದೆ. ಮರುವರ್ಷ ಮುನಿರಾಬಾದಿನ ಡ್ಯಾಮ್ ಕಾಲನಿಯಿಂದ ಪತ್ರ ಬಂತು. ಎಲೆಕ್ಟ್ರಿಷಿಯನ್ನರು ಬೇಕು, ಹೆಣ್ಣುಮಕ್ಕಳಿಗೂ ಮೀಸಲಿದೆ, ಕಾಯಂ ಹುದ್ದೆ. ಖಾನೆ ಎಳೆದು ಪಟ್ಟಿ ಮಾಡಿದವಳು ನಾನೇ. ಇಡೀ ಖಾನೆಯಲ್ಲಿ ಹೆಣ್ಣಿನ ಹೆಸರು ಒಂದೂ ಸಿಗಲಿಲ್ಲ. "ಹೆಣ್ಣುಮಕ್ಕಳು ಈ ಕೆಲಸ ಕಲಿಯಂಗಿಲ್ಲ, ಮೀಸಲಾತಿ ಇಟ್ಟು ಏನ್ ಮಾಡೂದು" ಎಂದು ನಾನು ಪಕ್ಕದವರಿಗೆ ಹೇಳಿದ್ದು ನೆನಪಿದೆ. ಪಕ್ಕದ ಗೋಡೆಯ ಖಾನೆಯಲ್ಲಿ ಅವಳು ಇದ್ದಳು. ಆ ಜಾಗಕ್ಕೆ ಗಂಡಸರ ಹೆಸರು ಹೋಯಿತು.

ಎರಡನೆಯ ನವೀಕರಣಕ್ಕೆ ಬಂದ ದಿನ ಕಚೇರಿಯಲ್ಲಿ ಕಾರ್ಡು ಹುಡುಕಿ ಕೊಡುತ್ತಿದ್ದವರು ಹನುಮಪ್ಪ. ನನಗಿಂತ ಹಿರಿಯರು, ಜವಾನರಾಗಿ ಸೇರಿ ಆ ಕೋಣೆಯಲ್ಲೇ ಮುಪ್ಪಾದವರು. ಎಲೆಕ್ಟ್ರಿಷಿಯನ್ ಖಾನೆಯನ್ನು ಮೂರು ಸಲ ಜಾಲಾಡಿದರು. ಸಿಗಲಿಲ್ಲ. ಕೊನೆಗೆ ಎಲ್ಲ ಖಾನೆ ತೆಗೆದು, ಕಾರ್ಡು ಹಿಡಿದುಕೊಂಡು ನನ್ನ ಮೇಜಿಗೆ ಬಂದರು.

"ಮೇಡಮ್ಮಾರ, ಕರೆಂಟಿನ ಹುಡುಗಿ ಕಾರ್ಡ ಹೊಲಿಗಿ ಖಾನ್ಯಾಗ ಐತಲ್ರಿ!"

ಮುಮ್ತಾಜ್ ಎದುರಿನ ಬೆಂಚಿನ ಮೇಲೆ ಕೂತಿದ್ದಳು. ಎದ್ದು ಬಂದಳು. ನಾನು ಕಾರ್ಡು ನೋಡಿದೆ. ನನ್ನದೇ ಅಕ್ಷರ. ಒಂದು ಕ್ಷಣ — ಆ ಒಂದು ಕ್ಷಣದಲ್ಲಿ ನಿಜ ಹೇಳಬಹುದಿತ್ತು. ಹೆದರಿದೆ. ಹತ್ತು ಜನ ನಿಂತಿದ್ದರು, ಬಡ್ತಿಯ ಕಾಗದ ಮೇಲಿನ ಕಚೇರಿಯಲ್ಲಿತ್ತು...

"ಯಾರೋ ತಪ್ಪಿ ಇಟ್ಟಾರ," ಎಂದೆ. ದನಿ ಏರಿಸಿ, ಸಿಟ್ಟು ಬಂದವಳ ಹಾಗೆ ಹೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅಷ್ಟೂ ಮಾಡಲಿಲ್ಲ, ಬೇರೆಯವರ ಹೆಗಲ ಕಡೆ ಬೆರಳು ತೋರಿಸಿದೆ. ಕೆಂಪು ಸಂಖ್ಯೆಯ ಮೇಲೆ ಗೆರೆ ಎಳೆದು ಸರಿಯಾದದ್ದು ಬರೆದೆ. ಹನುಮಪ್ಪ ನನ್ನ ಮುಖ ನೋಡಿದರು, ಆಮೇಲೆ ನೆಲ ನೋಡಿದರು. ಅವರಿಗೆ ನನ್ನ ಅಕ್ಷರ ಚೆನ್ನಾಗಿ ಗೊತ್ತಿತ್ತು.

ಮುಮ್ತಾಜಳ ಕಣ್ಣು ತುಂಬಿತ್ತು. "ಅಲ್ಲಾ ನಿಮ್ಮನ್ನ ಛಲೋ ಇಡಲಿ ಮೇಡಮ್ಮಾರ. ನೀವು ಇದ್ದದ್ದಕ್ಕ ಸಿಕ್ತು," ಎಂದಳು.

ಸಿಕ್ಕಿದ್ದು ಕಾರ್ಡು ಮಾತ್ರ. ಅಷ್ಟರಲ್ಲಿ ಕಾಯಂ ಹುದ್ದೆಯ ವಯೋಮಿತಿ ಅವಳ ಪಾಲಿಗೆ ಮುಗಿಯುತ್ತ ಬಂದಿತ್ತು. ಮುಂದಿನ ಪತ್ರ ಬರುವಷ್ಟರಲ್ಲಿ ಮುಗಿದೇ ಹೋಯಿತು.

ಆಮೇಲೆ ನಾನು ಓಡಾಡಿದೆ, ಸುಳ್ಳಲ್ಲ. ಹೆದ್ದಾರಿ ಬದಿಯ ಒಂದು ಕಾರ್ಖಾನೆಗೆ ಎಲೆಕ್ಟ್ರಿಷಿಯನ್ ಬೇಕಾದಾಗ ಅವಳ ಹೆಸರು ಕಳಿಸಿದ್ದಷ್ಟೇ ಅಲ್ಲ, ನಾನೇ ಹೋಗಿ ಅಲ್ಲಿನ ಅಧಿಕಾರಿಯ ಎದುರು ಕೂತೆ. "ಹೆಣ್ಣುಮಗಳು, ಹೆಂಗ್ರಿ?" ಎಂದು ಅವರು ಕೇಳಿದಾಗ ಬಾಯಿಗೆ ಬಂದಂತೆ ಬೈದೆ. ಅವರು ಆಡಿದ್ದು ಆರು ವರ್ಷದ ಹಿಂದೆ ನಾನು ಮನಸ್ಸಿನಲ್ಲಿ ಆಡಿಕೊಂಡಿದ್ದ ಮಾತೇ. ಮುಮ್ತಾಜಳಿಗೆ ಗುತ್ತಿಗೆಯ ಕೆಲಸ ಸಿಕ್ಕಿತು. ಮೊದಲ ತಿಂಗಳಲ್ಲೇ ದೊಡ್ಡ ಮೋಟಾರಿನ ದೋಷ ಹಿಡಿದಳು. ಇವತ್ತಿಗೂ ಅಲ್ಲಿ ಅವಳ ಮಾತಿಗೆ ಬೆಲೆಯಿದೆ. ಆದರೆ ವರ್ಷವರ್ಷವೂ ಗುತ್ತಿಗೆ ಮುಂದುವರಿಯುತ್ತದೋ ಇಲ್ಲವೋ ಎಂದು ಕಾಯುವುದು ಅವಳಿಗೆ ತಪ್ಪಿಲ್ಲ. ಮುನಿರಾಬಾದಿನ ಪಟ್ಟಿಯಲ್ಲಿ ಹೋದವರು ಈಗ ನಿವೃತ್ತಿ ವೇತನದ ಭರವಸೆಯಲ್ಲಿ ನೆಮ್ಮದಿಯಾಗಿದ್ದಾರೆ.

ಅವಳಿಂದ ನಾನು ಏನೆಲ್ಲ ಪಡೆದೆ! ಇದನ್ನು ಬರೆಯುವಾಗ ನಾಚಿಕೆಗಿಂತ ಹೆಚ್ಚಾಗಿ ಎದೆ ತುಂಬುವುದು ಇದಕ್ಕೇ. ನನ್ನ ಮಗಳ ನಿಶ್ಚಯದ ಹಿಂದಿನ ದಿನ ಮನೆಯ ವೈರಿಂಗ್ ಸುಟ್ಟು ಹೋದಾಗ ಒಂದು ಫೋನಿಗೆ ತಳಕಲ್ಲಿನಿಂದ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದಳು. ಮೊಮ್ಮಗ ಹುಟ್ಟಿದಾಗ ಹುಸೇನಸಾಬರು ಬೇರೆ ಯಾರಿಗೂ ಮುಟ್ಟಗೊಡದೆ ತಾವೇ ಹತ್ತಿ ಹಿಂಜಿ ಪುಟ್ಟ ಗಾದಿ ಹೊಲಿದು ತಂದರು. ಆ ಗಾದಿಯ ಮೇಲೆ ನನ್ನ ಮೊಮ್ಮಗ ಬೋರಲು ಬಿದ್ದ, ಅಂಬೆಗಾಲಿಟ್ಟ. ನಾನು ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮಲಗಿದಾಗ ಮುಮ್ತಾಜ್ ರಜೆ ಹಾಕಿ ಬಂದು ಕೂತಳು. "ನನಗ ಹಡದಾಕಿ ಇಲ್ರಿ, ನಿಮಗ ಮಾಡ್ತೀನಿ," ಎಂದಳು. ತಾಯಿಯ ಜಾಗದಲ್ಲಿ ನನ್ನನ್ನು ಕೂರಿಸಿದಳು. ನಾನು ಕೂತೆ.

ಅಷ್ಟಕ್ಕೇ ನಿಲ್ಲಲಿಲ್ಲ. ಹೊಸ ಸಿಬ್ಬಂದಿಗೆ ತರಬೇತಿ ಕೊಡುವಾಗಲೆಲ್ಲ ಮುಮ್ತಾಜಳ ಕತೆ ಹೇಳುತ್ತಿದ್ದೆ. ಕಳೆದುಹೋದ ಒಂದು ಕಾರ್ಡನ್ನು ಹುಡುಕಿ ತೆಗೆದು ಒಬ್ಬ ಹೆಣ್ಣುಮಗಳ ಬದುಕನ್ನು ನೆಟ್ಟಗೆ ನಿಲ್ಲಿಸಿದ ಅಧಿಕಾರಿಯ ಕತೆ! ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು. ಹನುಮಪ್ಪ ನಿವೃತ್ತರಾದ ದಿನ ಹಾರ ಕೈಯಲ್ಲಿ ಹಿಡಿದುಕೊಂಡೇ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು:

"ಮೇಡಮ್ಮಾರ, ಆ ತಳಕಲ್ ಮಗಳಿಗೆ ಒಂದ್ ಮಾತ ಹೇಳಿಬಿಡ್ರಿ. ಆಕಿ ದೊಡ್ಡ ಮನಸಿನಾಕಿ ಅದಾಳ."

ಎಲ್ಲರ ಎದುರು ಒಂದೇ ಒಂದು ಮಾತಿನಿಂದ ನನ್ನ ಮಾನ ತೆಗೆಯಬಹುದಾಗಿದ್ದ ಮನುಷ್ಯ, ಕಿವಿಯಲ್ಲಿ ಹೇಳಿ ಹೋದರು. ಆ ಉಪಕಾರವನ್ನು ನಾನು ಹೇಗೆ ಮರೆಯಲಿ? ಆದರೂ ಹೇಳಲಿಲ್ಲ. ನಾಳೆ, ನಾಳೆ, ಈ ವರ್ಷದ ಗುತ್ತಿಗೆ ಮುಂದುವರಿಯಲಿ, ಅವಳ ಅಪ್ಪನ ಕಣ್ಣಿನ ಆಪರೇಷನ್ ಆಗಲಿ — ನೆವಕ್ಕೆ ಬರವೇ?

ಈ ವರ್ಷ ಗಂಗಾವತಿಯಲ್ಲಿ ಉದ್ಯೋಗ ಮೇಳ ನಡೆಸಿದೆವು. ಐಟಿಐ ಕಲಿಯುವ ಹುಡುಗಿಯರ ಎದುರು ಮಾತಾಡಲು ಮುಮ್ತಾಜಳನ್ನು ಕರೆಸಿದ್ದೆ. ಚೆನ್ನಾಗಿ ಮಾತಾಡಿದಳು, ನಗಿಸಿದಳು. "ಕರೆಂಟು ಹೆಣ್ಣು ಗಂಡು ಅಂತ ನೋಡಂಗಿಲ್ಲವ್ವ, ಮುಟ್ಟಿದವರಿಗೆಲ್ಲಾ ಒಂದ ಸಮ ಹೊಡೀತೈತಿ," ಎಂದಾಗ ಇಡೀ ಸಭೆ ನಕ್ಕಿತು. ಕೊನೆಗೆ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು:

"ಅಕ್ಕಾರ, ಇಷ್ಟ್ ಛಲೋ ಕೆಲಸ ಬರ್ತೈತಿ ನಿಮಗ. ಸರ್ಕಾರಿ ನೌಕರಿ ಯಾಕ ಆಗಲಿಲ್ರಿ?"

ಮುಮ್ತಾಜ್ ನಕ್ಕಳು. "ನಂದು ಪಾಳೆ ಬರೂದ್ರಾಗ ವಯಸ್ಸು ಮುಗದಿತ್ತವ್ವ. ಯಾರದೂ ತಪ್ಪಿಲ್ಲ ಬಿಡು. ಗಿರಿಜಾ ಮೇಡಮ್ಮಾರು ಇರಲಿಲ್ಲಂದ್ರ ಇದೂ ಸಿಗ್ತಿರಲಿಲ್ಲ," ಎಂದು ನನ್ನ ಕಡೆ ತಿರುಗಿ ಕೈ ಮುಗಿದಳು.

ಯಾರದೂ ತಪ್ಪಿಲ್ಲ. ವೇದಿಕೆಯ ಮೇಲೆ ಹಾರ ಹಾಕಿಕೊಂಡು ಕೂತಿದ್ದೆ ನಾನು. ಹುಡುಗಿಯರು ನನ್ನ ಕಡೆ ನೋಡಿ ಚಪ್ಪಾಳೆ ಹೊಡೆದರು. ನಾನು ಹಾರ ತೆಗೆದು ಮೇಜಿನ ಮೇಲಿಟ್ಟೆ.

ಸಭೆ ಮುಗಿದ ಮೇಲೆ ಹಿಂದಿನ ಖಾಲಿ ಕೋಣೆಗೆ ಅವಳನ್ನು ಕರೆದುಕೊಂಡು ಹೋದೆ. ಕೂರು ಎಂದೆ. ಎಲ್ಲವನ್ನೂ ಹೇಳಿದೆ. ಆ ದಿನ ನಾನು ಏನು ಯೋಚಿಸಿದೆ, ಏನು ಬರೆದೆ, ಆರು ವರ್ಷದ ಮೇಲೆ ಯಾವ ಸುಳ್ಳು ಹೇಳಿದೆ — ಮುನಿರಾಬಾದಿನ ಪಟ್ಟಿಯನ್ನೂ ಬಿಡಲಿಲ್ಲ. ಹೇಳುವಾಗ ಅತ್ತೆ. ಅಳಬಾರದಿತ್ತು, ಅಳುವ ಪಾಳಿ ನನ್ನದಾಗಿರಲಿಲ್ಲ.

ಅವಳು ತನ್ನ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ, "ಅಪ್ಪ ಮುನಿರಾಬಾದಿಗೆ ಹೋಗಿದ್ನರಿ," ಎಂದಳು. "ಯಾರೋ ಹೇಳಿದ್ರಂತ, ಕರೆಂಟಿನವ್ರನ್ನ ತಗೊಳಾಕತ್ಯಾರ ಅಂತ. ಎರಡ ದಿನ ಹೋಗಿ ಬೋರ್ಡಿನ ಮುಂದ ನಿಂತು, ಬಂದಬಂದವ್ರ ಕಡೆ ಓದಿಸಿದಾನ, ನನ್ನ ಹೆಸರು ಐತೇನ ಅಂತ. ಇಲ್ಲಂತ ಗೊತ್ತಾದ ಮ್ಯಾಲೆ ನನಗ ಅಂದ, ನೀ ಸರಿಯಾಗಿ ಕಲತಿಲ್ಲ ಬಿಡು ಅಂತ."

ನನಗೆ ಅದು ಗೊತ್ತಿರಲಿಲ್ಲ. ನೌಕರಿ ಒಂದೇ ಹೋಯಿತು ಅಂದುಕೊಂಡಿದ್ದೆ. ಅಪ್ಪನ ಕಣ್ಣಲ್ಲಿ ಅವಳ ಬೆಲೆಯನ್ನೂ ಇಳಿಸಿದ್ದೆ ನಾನು. ತಪ್ಪಾಯಿತು ಎಂದು ಕೈ ಹಿಡಿಯಲು ಹೋದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಈಗ ಮಾಫಿ ಕೇಳಬ್ಯಾಡ್ರಿ. ಕೊಡಾಕ ನನ್ನ ಹತ್ರ ಈಗ ಇಲ್ಲ. ಸುಳ್ಳ್ಯಾಕ ಹೇಳ್ಲಿ?"

ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ಹೋದವಳು ನಿಂತಳು. ತಿರುಗಿ ಕೇಳಿದಳು.

"ಆ ಖಾನ್ಯಾಗ ನಾ ಒಬ್ಬಾಕೀನ ಇದ್ನೇನ್ರಿ?"

ಬೈಗುಳ ಕೇಳಲು ಸಿದ್ಧಳಾಗಿದ್ದೆ, ಕ್ಷಮೆಯ ಆಸೆಯೂ ಇತ್ತು — ಹೌದು, ಇತ್ತು. ಈ ಪ್ರಶ್ನೆ ನನ್ನ ತಲೆಗೇ ಬಂದಿರಲಿಲ್ಲ. ಹನ್ನೊಂದು ವರ್ಷ ನಾನು ಹೊತ್ತು ತಿರುಗಿದ್ದು ಒಬ್ಬಳ ಹೆಸರನ್ನು. ಅವಳ ಕಾರ್ಡನ್ನು ತೆಗೆದು ಸರಿಯಾದ ಕಡೆ ಇಟ್ಟೆ, ಆದರೆ ಆ ಖಾನೆಯಲ್ಲಿ ಉಳಿದವರು ಯಾರು ಎಂದು ಒಂದು ಸಲವೂ ಇಣುಕಲಿಲ್ಲ. ದಿನಕ್ಕೆ ನಲವತ್ತು ಕಾರ್ಡು ಬರೆಯುತ್ತಿದ್ದ ಅದೇ ಕೈ, ಅದೇ ಅಭ್ಯಾಸ. ಒಬ್ಬಳಿಗೆ ಮಾತ್ರ ಹಾಗೆ ಮಾಡಿರುತ್ತೇನೆಯೇ?

ಈಗ ಎಲ್ಲ ಕಂಪ್ಯೂಟರಿನಲ್ಲಿದೆ. ಹಳೆಯ ಕಾರ್ಡುಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ದಾಖಲೆ ಕೋಣೆಯಲ್ಲಿಟ್ಟಿದ್ದಾರೆ. ಮೇಲಿನವರಿಗೆ ಎಲ್ಲವನ್ನೂ ಬರೆದು ಕೊಟ್ಟು, ಅನುಮತಿ ಪಡೆದು, ಹೊಲಿಗೆಯ ಗಂಟು ಬಿಚ್ಚಿದೆ. ಅವರು ನನ್ನ ಮೇಲೆ ಏನು ಕ್ರಮ ತೆಗೆದುಕೊಳ್ಳುತ್ತಾರೋ ತೆಗೆದುಕೊಳ್ಳಲಿ, ಮಾಡಿದ್ದುಣ್ಣೋ ಮಹಾರಾಯ ಅಂತ ಗಾದೆಯೇ ಇದೆ. ಒಂದು ವಾರ ದೂಳಿನಲ್ಲಿ ಕೂತು ಒಂದೊಂದೇ ಕಾರ್ಡು ಓದಿದೆ. ಆರು ಹೆಣ್ಣುಮಕ್ಕಳು ಸಿಕ್ಕರು. ಕುಷ್ಟಗಿಯ ಕಡೆಯ ಇಬ್ಬರು ಫಿಟ್ಟರುಗಳು, ಯಲಬುರ್ಗಾದ ಒಬ್ಬ ವೆಲ್ಡರ್, ಕೊಪ್ಪಳದ ಇಬ್ಬರು ರೇಡಿಯೋ ಟಿ.ವಿ. ರಿಪೇರಿ ಕಲಿತವರು, ಗಂಗಾವತಿ ಕಡೆಯ ಮರಳಿ ಎಂಬ ಊರಿನ ಒಬ್ಬ ಡೀಸೆಲ್ ಮೆಕ್ಯಾನಿಕ್. ಎಲ್ಲರ ಕಾರ್ಡಿನ ಬಲ ಮೂಲೆಯಲ್ಲಿ ನನ್ನ ಅಕ್ಷರ. ಒಬ್ಬರ ಮುಖವೂ ನೆನಪಾಗಲಿಲ್ಲ.

ಪಟ್ಟಿಯ ಒಂದು ಪ್ರತಿಯನ್ನು ಮುಮ್ತಾಜಳಿಗೆ ಕಳಿಸಿದೆ. ಉತ್ತರ ಬಂದಿಲ್ಲ. ಬರಲಿ ಎಂದು ನಾನು ಕೇಳುವ ಹಾಗಿಲ್ಲ. ಆದರೆ ಇದನ್ನು ಓದುವವರಿಗೆ ಒಂದು ಮಾತು ಹೇಳಬೇಕು. ತನ್ನ ಬದುಕು ಹಾಳಾದ ಸುದ್ದಿ ಕೇಳಿದ ಅರ್ಧ ಗಂಟೆಯಲ್ಲಿ ಕಾಣದ ಇನ್ನಾರೋ ಹೆಣ್ಣುಮಕ್ಕಳನ್ನು ನೆನೆದವಳು ಅವಳು. ಇಷ್ಟು ವರ್ಷ ನಾನು ಊರಿಗೆಲ್ಲ ಯಾರು ಯಾವ ಕೆಲಸಕ್ಕೆ ತಕ್ಕವರು ಎಂದು ಹೇಳುತ್ತ ಬಂದೆ. ನನ್ನ ಕೆಲಸ ಏನೆಂದು ನನಗೆ ಹೇಳಿಕೊಟ್ಟವಳು ಮುಮ್ತಾಜ್. ನಾನು ಅವಳಿಗೆ ಕೃತಜ್ಞಳು. ಈ ಮಾತನ್ನು ಅವಳ ಎದುರು ಆಡುವ ಯೋಗ್ಯತೆ ಬರುವವರೆಗೆ ಇಲ್ಲಿ ಬರೆದಿಡುತ್ತೇನೆ.

ನಿನ್ನೆ ಮರಳಿಗೆ ಹೋಗಿದ್ದೆ. ಡೀಸೆಲ್ ಮೆಕ್ಯಾನಿಕ್ ಕಲಿತ ಶರಣಮ್ಮನ ಮನೆ ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ನಲವತ್ತೈದು ದಾಟಿದ ಹೆಂಗಸು, ಗದ್ದೆಯಿಂದ ಆಗತಾನೆ ಬಂದು ಕಾಲು ತೊಳೆಯುತ್ತಿದ್ದಳು. ನೌಕರಿ ಕೊಡಿಸುವ ಆಫೀಸಿನಿಂದ ಬಂದಿದ್ದೇನೆ ಎಂದ ಕೂಡಲೇ ಮುಖ ಅರಳಿತು.

"ಅಯ್ಯ ನಮ್ಮವ್ವಾ! ಇನ್ನೂ ನನ್ನ ಹೆಸರು ಐತೇನ್ರಿ ಅಲ್ಲಿ? ಭಾಳ ದೊಡ್ಡೋರು ನೀವು, ಮನಿತನಕ ಬಂದೀರಿ. ಒಳಗ ಬರ್ರಿ, ಕುಂದರ್ರಿ, ಚಾ ಮಾಡ್ತೀನಿ," ಎಂದು ಒಳಗೆ ತಿರುಗಿದಳು.

ನಾನು ಚಪ್ಪಲಿ ಬಿಡಲಿಲ್ಲ. ಹೊಸ್ತಿಲ ಹೊರಗೇ ನಿಂತೆ.

"ತಡಿಯವ್ವಾ ಶರಣಮ್ಮ," ಎಂದೆ. "ಮೊದಲ ನಾ ಹೇಳೂದು ಕೇಳು. ಚಾ ಕೊಡೂದೋ ಬ್ಯಾಡೋ ಆಮ್ಯಾಲೆ ನೋಡು."